ಮಳೆಗಾಲ ಕಳೆಯುವಾಗ ಮಾಡೆಲ್ ರೈಲು ಕುಂಟುತ್ತದೆ: ಹಳಿ ಕ್ಲೀನ್ ಮಾಡುವ ಸರಿಯಾದ ಕ್ರಮ ಯಾವುದು?

ಇಂದ್ರಾಳಿ ಲೂಪ್, ಉಡುಪಿ

ಎಲ್ಲರಿಗೂ ನಮಸ್ಕಾರ. ನನ್ನ ಎಚ್‌ಒ ಅಳತೆಯ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು) ಲೇಔಟು, ಅಂದರೆ ಹಲಗೆಯ ಮೇಲೆ ಜೋಡಿಸಿದ ಹಳಿ, ಮಹಡಿ ಕೋಣೆಯಲ್ಲಿ ಉಂಟು. ಹಂಚಿನ ಮಾಡು, ಮುಚ್ಚಿಗೆ ಇಲ್ಲ, ಕೆಳಗೆ ನೇರ ಅಡುಗೆಮನೆ. ಬೇಸಗೆಯಲ್ಲಿ ಚಂದ ಓಡುವ ರೈಲು ಆಟಿ ತಿಂಗಳು ಕಳೆದು ಸೋಣ ತಿಂಗಳು (ಆಗಸ್ಟ್ ನಡು) ಬರುವಷ್ಟರಲ್ಲಿ ಕುಂಟಲಿಕ್ಕೆ ಶುರು ಮಾಡ್ತದೆ, ಪ್ರತಿ ವರ್ಷ ಇದೇ ಕತೆ. ಸ್ಪೀಡಿನಲ್ಲಿ ಬಿಟ್ಟರೆ ಹೇಗೋ ಹೋಗ್ತದೆ. ಸ್ಟೇಷನ್ನಿಗೆ ನಿಧಾನಕ್ಕೆ ತರುವಾಗ ಮಾತ್ರ ಅರ್ಧದಲ್ಲೇ ನಿಲ್ತದೆ, ಬೆರಳಲ್ಲಿ ತುಸು ದೂಡಿದರೆ ಮತ್ತೆ ಹೊರಡ್ತದೆ. ಡಿಸಿಸಿ (ಹಳಿಯ ಮೂಲಕವೇ ಪ್ರತಿ ಎಂಜಿನಿಗೂ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆ) ಹಾಕಿಸಿದ ಮೇಲೆ ರಗಳೆ ಹೆಚ್ಚಾಗಿದೆ. ಕರೆಂಟು ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿದರೂ ಸೌಂಡ್ ಡಿಕೋಡರ್ (ಆ ಆದೇಶ ಓದಿ ಸದ್ದು ಹೊರಡಿಸುವ ಚಿಪ್) ಇರುವ ಎಂಜಿನು ಮೊದಲಿಂದ ಸ್ಟಾರ್ಟ್ ಆಗುವ ಸದ್ದು ಮಾಡ್ತದೆ. ಬಿಳಿ ಬಟ್ಟೆಯಲ್ಲಿ ಹಳಿ ಒರೆಸಿದರೆ ಎರಡು ಕರೀ ಗೆರೆ ಬರ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಯದ ಎಮರಿ ಪೇಪರ್ ಕೊಟ್ಟಿದ್ದಾರೆ, ಒಮ್ಮೆ ಉಜ್ಜಿದರೆ ಸಾಕು ಅಂತ. ಅದನ್ನು ಮುಟ್ಟಿಸುವ ಮೊದಲು ಇಲ್ಲಿ ಕೇಳುವ ಅಂತ ಬಂದೆ.

ಜೆಪ್ಪು ಯಾರ್ಡ್, ಮಂಗಳೂರು

ಎಮರಿ ಪೇಪರ್ ಹಾಗೇ ವಾಪಸ್ ಕೊಟ್ಟುಬಿಡಿ ಮಾರಾಯ್ರೇ. ಉಜ್ಜಿದ ದಿನ ಹಳಿ ಫಳಫಳ ಹೊಳೀತದೆ, ರೈಲೂ ಓಡ್ತದೆ, ಅದು ನಿಜ. ಆದರೆ ಹಳಿಯ ಉದ್ದಕ್ಕೂ ಸಪೂರ ಸಪೂರ ಗೀರು ಬಿದ್ದಿರ್ತದೆ. ಭೂತಗನ್ನಡಿ ಹಿಡಿದು ನೋಡಿ, ಉತ್ತ ಗದ್ದೆಯ ಹಾಗೆ ಕಾಣ್ತದೆ. ಆ ಸಾಲುಗಳ ಒಳಗೆ ಕೂತ ಕರಿ ಮತ್ತೆ ಬಟ್ಟೆಗೆ ಸಿಗುವುದಿಲ್ಲ. ಮುಂದಿನ ಸಲ ಇನ್ನೂ ಬೇಗ ಕಟ್ಟುತ್ತದೆ, ಆಗ ಮತ್ತೆ ಉಜ್ಜಬೇಕು. ಸ್ಟೀಲ್ ವೂಲ್ ಅಂತೂ ಕೋಣೆಯೊಳಗೇ ತರಬೇಡಿ. ಅದರ ಎಳೆ ಉದುರಿ ಎಂಜಿನಿನ ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಂಡರೆ ಒಳಗೇ ಶಾರ್ಟ್ ಆಗ್ತದೆ.

ಈ ಕರಿ ಬರೀ ಧೂಳಲ್ಲ. ರಾತ್ರಿ ದೀಪ ಆರಿಸಿ ರೈಲು ಬಿಡಿ, ಚಕ್ರದ ಅಡಿಯಲ್ಲಿ ಸಣ್ಣ ಸಣ್ಣ ನೀಲಿ ಕಿಡಿ ಕಾಣ್ತದೆ. ಚಕ್ರವೂ ಹಳಿಯೂ ತಾಗುವ ಜಾಗ ತೀರಾ ಚಿಕ್ಕದು, ಅಲ್ಲಿ ಸಂಪರ್ಕ ಒಂದು ಕ್ಷಣ ಬಿಟ್ಟರೂ ಕಿಡಿ ಹಾರ್ತದೆ. ಕಿಡಿಗೆ ಲೋಹದ ಮೇಲ್ಮೈ ಸುಟ್ಟು ಆಕ್ಸೈಡ್ ಆಗ್ತದೆ. ಅದಕ್ಕೆ ಗೇರಿನಿಂದ ಇಳಿದ ಎಣ್ಣೆ, ಗಾಳಿಯ ಧೂಳು, ಅಡುಗೆಮನೆಯ ಜಿಡ್ಡು ಸೇರಿ ಹಳಿಯ ಮೇಲೆ ಒಂದು ಪದರ ಕೂತ್ಕೊಳ್ತದೆ. ಪದರ ಇದ್ದಲ್ಲಿ ಕಿಡಿ ಹೆಚ್ಚು, ಕಿಡಿ ಹೆಚ್ಚಾದ ಹಾಗೆ ಪದರ ದಪ್ಪ. ನೀವು ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟ ಹಳಿಗಿಂತ ದಿನಾ ಓಡಿಸುವ ಹಳಿ ಕೆಲವೊಮ್ಮೆ ಬೇಗ ಕಪ್ಪಾಗುವುದು ಇದಕ್ಕೇ.

ಮೊದಲು ಹಳಿ ಯಾವ ಲೋಹದ್ದು ಅಂತ ಗೊತ್ತು ಮಾಡ್ಕೊಳ್ಳಿ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಸ್ಟೀಲ್, ನಮ್ಮ ಊರಿನ ಗಾಳಿಗೆ ಅದು ತುಕ್ಕು ಹಿಡಿದೇ ಹಿಡಿಯುತ್ತದೆ. ಅಂಟದೆ ಬಣ್ಣ ಹಳದಿ ಇದ್ದರೆ ಹಿತ್ತಾಳೆ. ಬೆಳ್ಳಗೆ ಇದ್ದು ತುಸು ಹಳದಿ ಛಾಯೆ ಕಂಡರೆ ನಿಕ್ಕಲ್ ಸಿಲ್ವರ್, ಅಂದರೆ ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ. ಬಾಕ್‌ಮನ್ ಇ-ಝಡ್ ಟ್ರ್ಯಾಕ್ ಆದರೆ ಅಯಸ್ಕಾಂತವೂ ಬೇಡ, ತಳ ಕಪ್ಪಿದ್ದರೆ ಸ್ಟೀಲ್, ಬೂದು ಇದ್ದರೆ ನಿಕ್ಕಲ್ ಸಿಲ್ವರ್. ಸಮುದ್ರದ ಹತ್ತಿರ ಹೊಸದಾಗಿ ಹಳಿ ಹಾಕುವವರಿಗೆ ನನ್ನ ಮಾತು ಒಂದೇ: ನಿಕ್ಕಲ್ ಸಿಲ್ವರ್ ಬಿಟ್ಟು ಬೇರೆ ಕೊಳ್ಳಬೇಡಿ.

ಕಾಪು ಬೀಚ್ ಲೈನ್

ನನ್ನ ಹತ್ತಿರ ಇರುವುದು ಹಿತ್ತಾಳೆಯದ್ದೇ. ಮಾವ ದುಬೈಯಿಂದ ತಂದು ಕೊಟ್ಟ ಹಳೇ ಸೆಟ್ಟು, ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ. ಜಾಯಿಂಟಿನ ಹತ್ತಿರ ಹಸಿರು ಕಿಲುಬು ಉಂಟು. ಮನೆಯಲ್ಲಿ ಅಮ್ಮ ಕಾಲುದೀಪ ತೊಳೆಯುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಬಹುದಾ? ಪೀತಾಂಬರಿ ಪುಡಿ ಆಗ್ತದಾ?

ಮಣಿಪಾಲ ಎನ್‌ಗೇಜ್

ಬೇಡ. ಕಾಲುದೀಪವನ್ನು ತಿಕ್ಕಿದ ಮೇಲೆ ಧಾರಾಳ ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಡ್ತೇವೆ. ಲೇಔಟಿನ ಹಳಿಯನ್ನು ಹಾಗೆ ತೊಳೆಯಲಿಕ್ಕೆ ಆಗ್ತದಾ? ಹುಳಿ ಜಾಯಿನರಿನ (ಎರಡು ಹಳಿ ತುಂಡನ್ನು ಕೂಡಿಸುವ ಲೋಹದ ಪಟ್ಟಿ) ಒಳಗೆ, ಸ್ಲೀಪರಿನ (ಹಳಿಯ ಅಡಿಯ ಅಡ್ಡಪಟ್ಟಿ) ಅಡಿಯಲ್ಲಿ ಉಳೀತದೆ. ನಮ್ಮ ಹವೆಗೆ ಅದು ಒಣಗುವುದೂ ಇಲ್ಲ, ಮೇಲೆ ಹೊಳೆಯುತ್ತಾ ಒಳಗಿಂದ ತಿನ್ನುತ್ತಾ ಹೋಗ್ತದೆ. ಪುಡಿಯ ಕಣ ಪಾಯಿಂಟಿನ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ) ಸಂದಿಗೂ ಎಂಜಿನಿನ ಗೇರಿಗೂ ಸೇರ್ತದೆ. ಸೆಟ್ಟಿನ ತುಂಡು ಹಳಿಗಳನ್ನು ಪೂರಾ ಬಿಚ್ಚಿ ತೆಗೆಯಲಿಕ್ಕೆ ಬರುವುದಾದರೆ ಮಾತ್ರ ಹುಳಿಯಲ್ಲಿ ತಿಕ್ಕಿ, ಚೆನ್ನಾಗಿ ತೊಳೆದು, ಎರಡು ದಿನ ಬಿಸಿಲಲ್ಲಿ ಒಣಗಿಸಿ ಜೋಡಿಸಬಹುದು. ಕಿಲುಬು ಹಿಡಿದ ಜಾಯಿನರ್ ಎಸೆದು ಹೊಸದು ಹಾಕಿ.

ಇನ್ನು ಉಡುಪಿಯವರ ಮೂಲ ಪ್ರಶ್ನೆಗೆ. ಮಳೆಗಾಲದಲ್ಲೇ ಇದು ಯಾಕೆ ಜೋರು ಅಂದರೆ ಉಪ್ಪು. ಕಡಲ ಗಾಳಿಯಲ್ಲಿ ಬಂದ ಉಪ್ಪಿನ ಕಣ ವರ್ಷವಿಡೀ ಧೂಳಿನ ಜೊತೆ ಕೂತಿರ್ತದೆ. ಗಾಳಿಯ ತೇವಾಂಶ ಶೇ. 75 ದಾಟಿತು ಅಂತಾದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಶೇ. 80ರ ಮೇಲೆಯೇ ಇರ್ತದಲ್ಲ, ಹಾಗಾಗಿ ಹಳಿಯ ಮೇಲೆ ಉಪ್ಪುನೀರಿನ ಪಸೆ ತಿಂಗಳುಗಟ್ಟಲೆ ಆರುವುದೇ ಇಲ್ಲ. ಸ್ಟೀಲಿಗೆ ತುಕ್ಕು, ಹಿತ್ತಾಳೆಗೆ ಕಿಲುಬು ಬೇಗ ಬರುವುದು ಇದರಿಂದ. ಜಾಯಿನರಿನ ಒಳಗೂ ಇದೇ ಆಗ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಯಾವ ದ್ರವ ಹಾಕಬೇಕು? ಹೆಚ್ಚಿನವರು ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕ್ತಾರೆ. ಜಿಡ್ಡು ತೆಗೀತದೆ, ಬೇಗ ಹಾರಿಹೋಗ್ತದೆ, ಒಳ್ಳೆಯದೇ. ಆದರೆ ಅದು ಧ್ರುವೀಯ ದ್ರಾವಕ, ಅಂದರೆ ಅದರ ಅಣುವಿನ ಒಂದು ಬದಿ ಧನ, ಇನ್ನೊಂದು ಬದಿ ಋಣ. ದ್ರವ ಎಷ್ಟು ಧ್ರುವೀಯ ಅಂತ ಅಂದಾಜು ಕೊಡುವ ಡೈಎಲೆಕ್ಟ್ರಿಕ್ ಸ್ಥಿರಾಂಕ ನೋಡಿದರೆ ನೀರಿನದ್ದು ಸುಮಾರು 80, ಐಸೊಪ್ರೊಪೈಲಿನದ್ದು 18ರಿಂದ 20, ಚಿಮಿಣಿ ಎಣ್ಣೆಯದ್ದು (ಸೀಮೆಎಣ್ಣೆ) 2ಕ್ಕಿಂತಲೂ ಕಡಿಮೆ. ಅಂಕಿ ಕಡಿಮೆ ಇರುವ, ಅಂದರೆ ಧ್ರುವೀಯವಲ್ಲದ ದ್ರಾವಕದಲ್ಲಿ ಒರೆಸಿದರೆ ಕರಿ ಮತ್ತೆ ಕಟ್ಟುವುದು ನಿಧಾನ ಅಂತ ಈ ಹವ್ಯಾಸದ ಬಹಳ ಜನ ಹೇಳ್ತಾರೆ. ನನ್ನ ಲೇಔಟಿನಲ್ಲೂ ಹಾಗೇ ಆಗಿದೆ. ಎನ್ ಗೇಜಿನ (ನಿಮ್ಮದಕ್ಕಿಂತ ಚಿಕ್ಕ ಅಳತೆ) ಎಂಜಿನು ಹಗುರ, 9 ಮಿ.ಮೀ. ಅಂತರದ ಹಳಿಯ ಮೇಲೆ ಒತ್ತಡವೇ ಕಡಿಮೆ, ಸ್ವಲ್ಪ ಕರಿ ಇದ್ದರೂ ನಿಲ್ತದೆ. ಆದ್ದರಿಂದ ನನಗೆ ವ್ಯತ್ಯಾಸ ಬೇಗ ಗೊತ್ತಾಯ್ತು.

ಚಿಮಿಣಿ ಎಣ್ಣೆ ಹುಡುಕಿಕೊಂಡು ಹೋಗಬೇಡಿ, ಅದರ ವಾಸನೆ ಕೋಣೆ ಬಿಟ್ಟು ಹೋಗುವುದಿಲ್ಲ. ಪೈಂಟ್ ಅಂಗಡಿಯಲ್ಲಿ ಮಿನರಲ್ ಟರ್ಪೆಂಟೈನ್ ಸಿಗ್ತದೆ, ಅದೇ ಸಾಕು. ಹಳೇ ಬನಿಯನ್ ತುಂಡಿಗೆ ನಾಲ್ಕು ಹನಿ ಹಾಕಿ, ಬೆರಳಿಗೆ ಸುತ್ತಿ, ಹಳಿಯ ತಲೆ ಮತ್ತು ಒಳ ಅಂಚು ಎರಡನ್ನೂ ಒರೆಸಿ. ಬಟ್ಟೆ ಕಪ್ಪಾದ ಕೂಡಲೇ ಜಾಗ ಬದಲಿಸಿ, ಇಲ್ಲದಿದ್ದರೆ ತೆಗೆದ ಕರಿಯನ್ನೇ ಮುಂದಕ್ಕೆ ಹಚ್ಚಿಕೊಂಡು ಹೋದ ಹಾಗೆ. ಕೊನೆಗೆ ಒಣ ಬಟ್ಟೆ. ಬೈರಾಸಿನ (ಟವೆಲಿನ) ತುಂಡು ಬೇಡ, ಅದರ ನೂಲು ಪಾಯಿಂಟಿಗೆ ಸಿಕ್ಕಿಕೊಳ್ತದೆ.

ಎರಡು ಎಚ್ಚರಿಕೆ ದಯವಿಟ್ಟು ಗಮನದಲ್ಲಿಡಿ. ಅಂಗಡಿಯಲ್ಲಿ ಟರ್ಪೆಂಟೈನ್ ಕೇಳಿದರೆ ಕೆಲವೊಮ್ಮೆ ತಿನ್ನರ್ ಕೊಡ್ತಾರೆ. ಎನ್‌ಸಿ ತಿನ್ನರ್ ಪ್ಲಾಸ್ಟಿಕ್ ಸ್ಲೀಪರನ್ನು ಕರಗಿಸಿಬಿಡ್ತದೆ, ನೈಲ್ ಪಾಲಿಶ್ ರಿಮೂವರಿನ ಅಸಿಟೋನ್ ಕೂಡಾ ಹಾಗೇ. ಎರಡನೆಯದು, ಟರ್ಪೆಂಟೈನ್ ಬೆಂಕಿ ಹಿಡಿಯುವ ವಸ್ತು, ಚಕ್ರದ ಅಡಿಯಲ್ಲಿ ಕಿಡಿ ಹಾರ್ತದೆ ಅಂತ ಮೇಲೆಯೇ ಬರೆದಿದ್ದಾರೆ. ಹಳಿಗೆ ಕರೆಂಟು ಬಂದ್ ಮಾಡಿಯೇ ಒರೆಸಿ, ಕಿಟಕಿ ತೆರೆದಿಡಿ, ಪೂರಾ ಒಣಗಿ ವಾಸನೆ ಹೋದ ಮೇಲೆ ರೈಲು ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕದೆ ಹೊರಗೆ ಹರಡಿ ಒಣಗಿಸಿ.

ಇಂದ್ರಾಳಿ ಲೂಪ್, ಉಡುಪಿ

ತುಂಬಾ ಉಪಕಾರ ಆಯ್ತು ಅಕ್ಕ. ಅಯಸ್ಕಾಂತ ಅಂಟಲಿಲ್ಲ, ನಿಕ್ಕಲ್ ಸಿಲ್ವರೇ. ಡಬ್ಲ್ಯೂಡಿ-40 ಮನೆಯಲ್ಲೇ ಉಂಟು, ಅದು ಆಗ್ತದಾ? ಒರೆಸಿದ ಮೇಲೆ ಎಣ್ಣೆ ಹಚ್ಚಬೇಕು ಅಂತಲೂ ಕೇಳಿದ್ದೇನೆ. ತೆಂಗಿನೆಣ್ಣೆ ಹಚ್ಚಬಹುದಾ?

ಮಣಿಪಾಲ ಎನ್‌ಗೇಜ್

ಮಾಮೂಲಿ ನೀಲಿ ಹಳದಿ ಡಬ್ಬದ್ದು ಬೇಡ, ಅದು ಎಣ್ಣೆಯ ಪದರ ಬಿಟ್ಟು ಹೋಗ್ತದೆ. ಅದೇ ಕಂಪನಿಯ ಕಾಂಟ್ಯಾಕ್ಟ್ ಕ್ಲೀನರ್ ಬೇರೆ ಡಬ್ಬ, ಅದು ಅಡ್ಡಿಲ್ಲ. ತೆಂಗಿನೆಣ್ಣೆ ಅಥವಾ ಯಾವುದೇ ಅಡುಗೆ ಎಣ್ಣೆ ಹಳಿಗೆ ಬೇಡ. ಧೂಳು ಹಿಡಿದು ಅಂಟಾಗ್ತದೆ, ಚಳಿಗೆ ತೆಂಗಿನೆಣ್ಣೆ ಹೆಪ್ಪೂ ಕಟ್ಟುತ್ತದೆ.

ಶಿರಾಡಿ ಗ್ರೇಡ್, ಪುತ್ತೂರು

ಎಣ್ಣೆಯ ಮಾತು ಬಂತು, ಹಾಗಾಗಿ ನಾನೂ ಬರೀತೇನೆ. ಅಮೆರಿಕದವರು ಕೂದಲು ಕತ್ತರಿಸುವ ಕ್ಲಿಪ್ಪರಿನ ಎಣ್ಣೆಯನ್ನು ಹಳಿಗೆ ತೆಳುವಾಗಿ ಹಚ್ಚುವುದುಂಟು. ಅದು ಶುದ್ಧ ಖನಿಜ ತೈಲ, ಕಿಡಿ ಕಡಿಮೆ ಮಾಡ್ತದೆ. ಸಮತಟ್ಟಾದ ಲೇಔಟಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ನನ್ನ ಲೇಔಟು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯದ್ದು. ನಿಜವಾದ ದಾರಿ 55 ಕಿ.ಮೀ., 57 ಸುರಂಗ, 50ಕ್ಕೆ 1ರ ಏರು. ನಾನೂ ಅದೇ ಏರನ್ನು ಇಟ್ಟಿದ್ದೇನೆ, ಅಂದರೆ 2 ಮೀಟರ್ ಹಳಿಗೆ 4 ಸೆಂ.ಮೀ. ಹತ್ತಬೇಕು. ಅಲ್ಲಿ ಹಳಿಗೆ ತುಸು ಜಿಡ್ಡು ತಾಗಿದರೂ ಎಂಜಿನಿನ ಚಕ್ರ ನಿಂತಲ್ಲೇ ತಿರುಗ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ನಿಜವಾದ ಎಂಜಿನುಗಳಲ್ಲಿ ಜಾರುವ ಹಳಿಗೆ ಹಾಕಲಿಕ್ಕೆ ಮರಳಿನ ಪೆಟ್ಟಿಗೆ ಇರ್ತದೆ, ಚಕ್ರದ ಮುಂದೆ ಗಾಳಿಯ ಒತ್ತಡದಲ್ಲಿ ಮರಳು ಬೀಳ್ತದೆ. ನಮ್ಮ ಎಂಜಿನಿಗೆ ಆ ಅನುಕೂಲ ಇಲ್ಲ.

ನಾನು ಎಣ್ಣೆ ಬಿಟ್ಟು ಗ್ರಾಫೈಟ್ ಬಳಸುವುದು. ಚಿತ್ರ ಬಿಡಿಸುವ 6ಬಿ ಪೆನ್ಸಿಲ್ ಸಾಕು. ಹಳಿ ಒರೆಸಿ ಒಣಗಿದ ಮೇಲೆ ಒಳ ಅಂಚಿನಲ್ಲಿ ಒಂದೇ ಒಂದು ಗೆರೆ ಹಗುರಕ್ಕೆ ಎಳೆಯುವುದು, ಅದೂ ಸಮತಟ್ಟಿನಲ್ಲಿ ಮತ್ತು ಪಾಯಿಂಟುಗಳ ಹತ್ತಿರ ಮಾತ್ರ. ಉಳಿದದ್ದನ್ನು ಚಕ್ರವೇ ಹರಡ್ತದೆ. ಏರಿನ ಜಾಗಕ್ಕೆ ಮುಟ್ಟಿಸುವುದಿಲ್ಲ. ಕಣ್ಣಿಗೆ ಕಪ್ಪು ಕಾಣುವಷ್ಟು ಗ್ರಾಫೈಟ್ ಹಾಕಿದರೆ ಅದೂ ಜಾರ್ತದೆ.

ಜೆಪ್ಪು ಯಾರ್ಡ್, ಮಂಗಳೂರು

ಏರಿನ ವಿಷಯ ಸರಿ, ಒಪ್ಪಿದೆ. ನನ್ನದು ಯಾರ್ಡ್ ಲೇಔಟ್, ಏರು ಇಲ್ಲ, ನಾನು ಹೊಲಿಗೆ ಮೆಷಿನಿನ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿ ಮತ್ತೆ ಒಣ ಬಟ್ಟೆಯಲ್ಲಿ ತೆಗೀತೇನೆ. ನಮ್ಮ ಉಪ್ಪುಗಾಳಿಗೆ ಆ ಚೂರು ಪದರವೂ ಒಂದು ರಕ್ಷಣೆ. ಅವರವರ ಲೇಔಟು ನೋಡಿ ತೀರ್ಮಾನ ಮಾಡಲಿ.

ಆದರೆ ಇಷ್ಟು ಹೊತ್ತು ಎಲ್ಲರೂ ಹಳಿಯನ್ನೇ ನೋಡ್ತಿದ್ದೇವೆ, ಚಕ್ರದ ಸುದ್ದಿ ಯಾರೂ ಎತ್ತಲಿಲ್ಲ. ಹಳಿ ಎಷ್ಟು ಒರೆಸಿದರೂ ಚಕ್ರದಲ್ಲಿ ಕರಿ ಇದ್ದರೆ ಒಂದೇ ಸಂಜೆಯಲ್ಲಿ ಅದು ಮತ್ತೆ ಹಳಿಗೆ ಬರ್ತದೆ. ಎಂಜಿನು ತಲೆಕೆಳಗೆ ಹಿಡಿದು ಚಕ್ರ ನೋಡಿ. ಹಳಿ ತಾಗುವ ಜಾಗದಲ್ಲಿ ಸುತ್ತಲೂ ಕಪ್ಪು ಉಂಗುರ ಕಂಡರೆ ಅದನ್ನು ತೆಗೆಯದೆ ಬೇರೆ ಏನು ಮಾಡಿದರೂ ವ್ಯರ್ಥ.

ಅದಕ್ಕೆ ಒಳ್ಳೆಯ ಉಪಾಯ ಉಂಟು. ಟಿಶ್ಯೂ ಪೇಪರ್ ತುಂಡನ್ನು ಹಳಿಯ ಮೇಲೆ ಅಡ್ಡ ಹಾಸಿ ಐಸೊಪ್ರೊಪೈಲಿನಲ್ಲಿ ಚಂಡಿ ಮಾಡಿ. ಎಂಜಿನಿನ ಮುಂದಿನ ಚಕ್ರಗಳ ಚೌಕಟ್ಟು ಪೇಪರಿನ ಮೇಲೆ, ಹಿಂದಿನದ್ದು ಬರೀ ಹಳಿಯ ಮೇಲೆ ಬರುವ ಹಾಗೆ ನಿಲ್ಲಿಸಿ. ಹಿಂದಿನ ಚಕ್ರದಿಂದ ಕರೆಂಟು ಬರ್ತದೆ, ಮುಂದಿನ ಚಕ್ರ ಒದ್ದೆ ಪೇಪರಿನ ಮೇಲೆ ತಿರುಗ್ತದೆ. ಎಂಜಿನನ್ನು ಕೈಯಲ್ಲಿ ಹಗುರಕ್ಕೆ ಹಿಡಿದು ಅರ್ಧ ನಿಮಿಷ ಬಿಟ್ಟರೆ ಪೇಪರಿನಲ್ಲಿ ಎರಡು ಮಸಿ ಪಟ್ಟಿ ಮೂಡ್ತದೆ. ಪೇಪರ್ ಸರಿಸಿ, ಪಟ್ಟಿ ಬೀಳುವುದು ನಿಲ್ಲುವ ತನಕ ಮುಂದುವರಿಸಿ, ಮತ್ತೆ ಎಂಜಿನು ತಿರುಗಿಸಿ ಇನ್ನೊಂದು ಕಡೆ. ಇಲ್ಲಿ ಟರ್ಪೆಂಟೈನ್ ಬೇಡ. ಕೆಲವು ಚಕ್ರಕ್ಕೆ ರಬ್ಬರ್ ಟಯರ್ ಇರ್ತದೆ, ಪೆಟ್ರೋಲಿಯಂ ದ್ರಾವಕಕ್ಕೆ ಅದು ಉಬ್ಬುತ್ತದೆ. ಐಸೊಪ್ರೊಪೈಲೂ ಬೆಂಕಿ ಹಿಡಿಯುವಂಥದ್ದೇ, ಪೇಪರ್ ತೊಟ್ಟಿಕ್ಕುವಷ್ಟು ಹಾಕಬಾರದು, ತೇವ ಆದರೆ ಸಾಕು.

ಡಬ್ಬಿಗಳಿಗೆ ಪ್ಲಾಸ್ಟಿಕ್ ಚಕ್ರ ಇದ್ದರೆ ಒಂದೊಂದಾಗಿ ಲೋಹದ ಚಕ್ರಕ್ಕೆ ಬದಲಿಸಿ. ಪ್ಲಾಸ್ಟಿಕ್ ಚಕ್ರ ಕರಿಯನ್ನು ಬೇಗ ಹಿಡೀತದೆ, ಲೇಔಟ್ ಇಡೀ ಹಂಚಿಕೊಂಡು ತಿರುಗ್ತದೆ. ನನ್ನ ಯಾರ್ಡಿನಲ್ಲಿ ಅತಿ ಹೆಚ್ಚು ಗುಣ ಕಂಡದ್ದು ಈ ಒಂದು ಬದಲಾವಣೆಯಿಂದಲೇ.

ಕಾಪು ಬೀಚ್ ಲೈನ್

ದಿನಾ ಕೈಯಲ್ಲಿ ಒರೆಸಲಿಕ್ಕೆ ಸುರಂಗದ ಒಳಗೆ ಕೈ ಹೋಗುವುದಿಲ್ಲ. ಕ್ಲೀನಿಂಗ್ ಕಾರ್ ತರಿಸುವುದು ಅಂದರೆ ಸುಮಾರು ದುಡ್ಡು. ಮನೆಯಲ್ಲೇ ಮಾಡಲಿಕ್ಕೆ ಆಗ್ತದಾ ಅಣ್ಣ?

ಶಿರಾಡಿ ಗ್ರೇಡ್, ಪುತ್ತೂರು

ಧಾರಾಳ ಆಗ್ತದೆ. ಫೋಟೊ ಫ್ರೇಮಿನ ಹಿಂದೆ ಹಾಕುವ ಹಾರ್ಡ್‌ಬೋರ್ಡ್ ನೋಡಿದ್ದೀರಲ್ಲ, ಒಂದು ಬದಿ ನಯ, ಒಂದು ಬದಿ ದೊರಗು. ಎರಡು ಹಳಿಯನ್ನೂ ಮುಚ್ಚುವಷ್ಟು ಅಗಲದ ತುಂಡು ಕತ್ತರಿಸಿ, ಮುಂದಿನ ಹಿಂದಿನ ಅಂಚನ್ನು ಮೇಲಕ್ಕೆ ಓರೆ ತೀಡಿ. ಇಲ್ಲದಿದ್ದರೆ ಪಾಯಿಂಟಿಗೆ ಸಿಕ್ಕಿಬೀಳ್ತದೆ. ನಯದ ಬದಿಗೆ ಎರಡು ಮೊಳೆಯನ್ನು ತಲೆ ಕೆಳಗಾಗಿ ಅಂಟಿಸಿ. ಮುಚ್ಚಿದ ಗೂಡ್ಸ್ ಡಬ್ಬಿಯ ತಳಕ್ಕೆ ಎರಡು ತೂತು ಕೊರೆದು ಮೊಳೆಗಳನ್ನು ಅದರೊಳಗೆ ಸಡಿಲವಾಗಿ ತೂರಿಸಿದರೆ ಆಯ್ತು, ಬೋರ್ಡಿನ ದೊರಗು ಬದಿ ತನ್ನ ಭಾರದಲ್ಲೇ ಹಳಿಯ ಮೇಲೆ ಕೂತು ಎಳೆದುಕೊಂಡು ಹೋಗ್ತದೆ. ಅಮೆರಿಕದ ಜಾನ್ ಆಲನ್ ತಮ್ಮ ಪ್ರಸಿದ್ಧ ಲೇಔಟಿನಲ್ಲಿ ಬಳಸಿದ ಉಪಾಯ ಇದು, ಈಗಲೂ ಇದಕ್ಕಿಂತ ಕಡಿಮೆ ಖರ್ಚಿನದ್ದು ನನಗೆ ಸಿಕ್ಕಿಲ್ಲ. ಒಣದಾಗಿಯೇ ಓಡಿಸಿ. ಬೋರ್ಡು ಕಪ್ಪಾದರೆ ಅದನ್ನೇ ಮರಳು ಕಾಗದಕ್ಕೆ ಉಜ್ಜಿ ಮತ್ತೆ ಹಾಕಿ. ಮರಳು ಕಾಗದಕ್ಕೆ ಈ ಕೆಲಸದಲ್ಲಿ ಇರುವ ಜಾಗ ಅಷ್ಟೇ.

ಒಂದು ಮಾತು, ಈ ಡಬ್ಬಿ ಹಗುರ ಧೂಳು ಮತ್ತು ಹೊಸ ಕರಿಯನ್ನು ತೆಗೀತದೆ. ಒಮ್ಮೆ ದಪ್ಪಕ್ಕೆ ಕಟ್ಟಿದ್ದನ್ನು ತೆಗೆಯುವುದಿಲ್ಲ. ಕೈಯಲ್ಲಿ ಪೂರಾ ಒರೆಸಿದ ಮೇಲೆ ಪ್ರತಿ ಸಲ ರೈಲು ಬಿಡುವಾಗ ಜೊತೆಗೆ ಓಡಿಸಿದರೆ ಒಳ್ಳೆ ಗುಣ ಉಂಟು.

ಇಂದ್ರಾಳಿ ಲೂಪ್, ಉಡುಪಿ

ಟರ್ಪೆಂಟೈನಿನಲ್ಲಿ ಇಡೀ ಲೂಪ್ ಒರೆಸಿದೆ, ಚಕ್ರವೂ ಆಯ್ತು. ನಾಲ್ಕು ಪಾಲಿನಲ್ಲಿ ಮೂರು ಪಾಲು ಸರಿಯಾಗಿದೆ, ತುಂಬಾ ಖುಷಿ ಆಯ್ತು. ಆದರೆ ಕಿಟಕಿಯ ಬದಿಯಲ್ಲಿ ಸುಮಾರು ಒಂದು ಮೀಟರ್ ಜಾಗದಲ್ಲಿ ಎಂಜಿನು ಈಗಲೂ ನಿಧಾನ ಆಗ್ತದೆ, ಹೆಡ್‌ಲೈಟೂ ಮಂಕಾಗ್ತದೆ. ಮಲ್ಟಿಮೀಟರ್ ಇಟ್ಟರೆ ವೋಲ್ಟೇಜ್ ಎಲ್ಲಾ ಕಡೆ ಒಂದೇ ತೋರಿಸ್ತದೆ. ಹಳಿ ಕನ್ನಡಿಯಷ್ಟು ಸ್ವಚ್ಛ ಉಂಟು.

ಜೆಪ್ಪು ಯಾರ್ಡ್, ಮಂಗಳೂರು

ಲೈಟ್ ಮಂಕಾಗ್ತದೆ ಅಂದ್ರಲ್ಲ, ಅಲ್ಲಿಗೆ ಗೊತ್ತಾಯ್ತು. ಅದು ಹಳಿಯ ಕೊಳೆ ಅಲ್ಲ, ಜಾಯಿನರ್. ಕೊಳೆ ಆದರೆ ರೈಲು ಝರ್‌ ಝರ್ ಅಂತ ಎಗರಿ ಎಗರಿ ಹೋಗ್ತದೆ. ಒಂದು ಉದ್ದಕ್ಕೆ ಸಮನಾಗಿ ಶಕ್ತಿ ಕುಗ್ಗಿದರೆ ದಾರಿಯಲ್ಲಿ ಎಲ್ಲೋ ರೆಸಿಸ್ಟೆನ್ಸ್ ಉಂಟು ಅಂತ ಅರ್ಥ. ಕಿಟಕಿ ಬದಿ ಬೇರೆ, ಎರಚಲು ಬೀಳುವ ಜಾಗ.

ಮೀಟರ್ ಒಂದೇ ತೋರಿಸುವುದು ಸಹಜ. ಮೀಟರ್ ಎಳೆಯುವ ಕರೆಂಟು ಏನೂ ಇಲ್ಲ, ಕಿಲುಬು ಹಿಡಿದ ಜಾಯಿನರಿನಲ್ಲೂ ಅಷ್ಟು ದಾಟ್ತದೆ. ಲೋಡ್ ಹಾಕಿ ಅಳೆಯಬೇಕು. ಆಟೊ ಸ್ಪೇರ್ ಅಂಗಡಿಯಿಂದ 12 ವೋಲ್ಟ್ 5 ವ್ಯಾಟ್ ಪಾರ್ಕಿಂಗ್ ಬಲ್ಬ್ ತನ್ನಿ, ಎರಡು ವಯರ್ ಬೆಸೆದು ಹಳಿಗೆ ಮುಟ್ಟಿಸಿ. ಒಂದು ಎಂಜಿನು ಎಳೆಯುವಷ್ಟೇ, ಸುಮಾರು 0.4 ಆಂಪಿಯರ್ ಅದೂ ಎಳೀತದೆ. ಬಲ್ಬ್ ಉರಿಯುವಾಗಲೇ ಮೀಟರ್ ಇಡಿ, ಡಿಸಿಸಿ ಆದ ಕಾರಣ ಎಸಿ ರೇಂಜಿನಲ್ಲಿ ಇಟ್ಟರೆ ಹೋಲಿಕೆಗೆ ಸಾಕು. ಜಾಯಿಂಟಿನಿಂದ ಜಾಯಿಂಟಿಗೆ ಸರಿಸುತ್ತಾ ಹೋಗಿ. ಎಲ್ಲಿ ಬಲ್ಬ್ ಮಂಕಾಗಿ ಅಂಕಿ ಇಳೀತದೆಯೋ, ಅದರ ಹಿಂದಿನ ಜಾಯಿನರೇ ಕಳ್ಳ.

ಪರಿಹಾರ ಅಂದರೆ ಪ್ರತಿ ತುಂಡು ಹಳಿಗೂ ಬೇರೆ ಬೇರೆ ಫೀಡರ್ ವಯರ್, ಅಂದರೆ ನೇರ ಕರೆಂಟು ತರುವ ವಯರ್. ಕರೆಂಟು ಜಾಯಿನರನ್ನು ನಂಬಿ ಕೂರಬಾರದು. ಹಳಿಯ ಹೊರ ಬದಿಗೆ ಬೆಸುಗೆ ಹಾಕಿ, ರೋಸಿನ್ ಫ್ಲಕ್ಸ್ (ಬೆಸುಗೆ ಹಿಡಿಯಲಿಕ್ಕೆ ಹಚ್ಚುವ ರಾಳ) ಮಾತ್ರ ಬಳಸಿ. ಆಸಿಡ್ ಫ್ಲಕ್ಸ್ ಹಾಕಿದರೆ ಆ ಜಾಗ ಹಸಿರಾಗಲಿಕ್ಕೆ ಒಂದು ಮಳೆಗಾಲ ಸಾಕು. ಎಲ್ಲ ಜಾಯಿನರನ್ನೂ ಬೆಸೆದು ಗಟ್ಟಿ ಮಾಡಲಿಕ್ಕೆ ಹೋಗಬೇಡಿ, ಪ್ಲೈವುಡ್ ನಮ್ಮಲ್ಲಿ ಮಳೆಗೆ ಉಬ್ಬಿ ಬೇಸಗೆಗೆ ಕುಗ್ತದೆ, ಹಳಿಗೆ ಸರಿಯಲಿಕ್ಕೆ ಜಾಗ ಬೇಕು.

ಮಣಿಪಾಲ ಎನ್‌ಗೇಜ್

ಕಿಟಕಿಯ ಮಾತು ಬಂದದ್ದು ಒಳ್ಳೆಯದಾಯ್ತು. ಒರೆಸುವುದಕ್ಕಿಂತ ಕೊಳೆ ಬರುವ ದಾರಿ ಮುಚ್ಚುವುದು ಹೆಚ್ಚು ಲಾಭ. ಹಂಚಿನಡಿಯಿಂದ ಉದುರುವ ಧೂಳಿಗೆ ಮಾಡಿನ ಕೆಳಗೆ ಶೀಟ್ ಕಟ್ಟಿಸಿ. ರೈಲು ಬಿಡದ ದಿನ ಲೇಔಟಿಗೆ ಹಳೇ ಕಾಟನ್ ಸೀರೆ ಮುಚ್ಚಿ. ಪ್ಲಾಸ್ಟಿಕ್ ಮುಚ್ಚಬೇಡಿ, ಪಸೆ ಒಳಗೇ ಉಳಿದು ಬೂಷ್ಟು ಬರ್ತದೆ. ಬಂಗುಡೆ ಹುರಿಯುವಾಗ, ಒಗ್ಗರಣೆ ಹಾಕುವಾಗ ಮಹಡಿಯ ಬಾಗಿಲು ಹಾಕಿಡಿ, ಆ ಎಣ್ಣೆಯ ಹಬೆ ಮೇಲೆಯೇ ಬರುವುದು. ಸೊಳ್ಳೆ ಕಾಯಿಲ್, ಊದುಬತ್ತಿ ಆ ಕೋಣೆಯಲ್ಲಿ ಬೇಡ. ಎಂಜಿನುಗಳನ್ನು ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಜಲ್ಲಿ ಅಂಟಿಸಲು ನೀರು ಬೆರೆಸಿದ ಫೆವಿಕಾಲ್ ಹಾಕುವಾಗ ಹಳಿಯ ತಲೆಗೆ ಬಿದ್ದದ್ದನ್ನು ಒಣಗುವ ಮೊದಲೇ ಒರೆಸಬೇಕು. ಒಣಗಿದರೆ ಕಣ್ಣಿಗೆ ಕಾಣದ ಪದರ ಆಗಿ ಕರೆಂಟು ತಡೀತದೆ.

ಇಂದ್ರಾಳಿ ಲೂಪ್, ಉಡುಪಿ

ಬಲ್ಬ್ ಇಟ್ಟು ನೋಡಿದೆ, ಕಿಟಕಿ ಬದಿಯ ಜಾಯಿನರೇ. ಎಳೆದು ತೆಗೆದರೆ ಒಳಗೆ ಹಸಿರು ಪುಡಿ ಇತ್ತು. ಹೊಸ ಫೀಡರ್ ಹಾಕಿದ ಮೇಲೆ ಲೈಟ್ ಮಂಕಾಗುವುದು ನಿಂತಿದೆ. ಇನ್ನು ಉಳಿದದ್ದು ಒಂದೇ: ಯಾರ್ಡಿನ ಒಂದು ಪಾಯಿಂಟ್, ಪೆಕೊ ಕಂಪನಿಯ ಎಲೆಕ್ಟ್ರೊಫ್ರಾಗ್, ಅಂದರೆ ಎರಡು ದಾರಿಯ ಹಳಿ ಕೂಡುವ ‘ಫ್ರಾಗ್’ ತುಂಡಿಗೂ ಕರೆಂಟು ಇರುವಂಥದ್ದು. ಒಂದು ದಿಕ್ಕಿಗೆ ಸರಿ, ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ಎಂಜಿನು ಫ್ರಾಗಿನ ಮೇಲೆ ನಿಲ್ತದೆ.

ಶಿರಾಡಿ ಗ್ರೇಡ್, ಪುತ್ತೂರು

ಆ ಪಾಯಿಂಟಿನಲ್ಲಿ ಫ್ರಾಗಿಗೆ ಕರೆಂಟು ಬರುವುದು ಸರಿಯುವ ಬ್ಲೇಡ್ ಪಕ್ಕದ ಹಳಿಗೆ ತಾಗಿದಾಗ ಮಾತ್ರ. ತಾಗುವ ಜಾಗದಲ್ಲಿ ಕರಿ ಕೂತಿದೆ. ವಿಸಿಟಿಂಗ್ ಕಾರ್ಡಿನ ಸಪೂರ ಪಟ್ಟಿ ಕತ್ತರಿಸಿ ಐಸೊಪ್ರೊಪೈಲ್ ತಾಗಿಸಿ, ಬ್ಲೇಡಿಗೂ ಹಳಿಗೂ ಮಧ್ಯೆ ಇಟ್ಟು ಬ್ಲೇಡನ್ನು ಬೆರಳಲ್ಲಿ ಒತ್ತಿ ಹಿಡಿದು ಪಟ್ಟಿಯನ್ನು ಹೊರಗೆ ಎಳೆಯಿರಿ. ಪಟ್ಟಿ ಬೆಳ್ಳಗೆ ಬರುವವರೆಗೆ ಹೀಗೇ ಮಾಡಿ. ಇದು ಸದ್ಯಕ್ಕೆ. ಶಾಶ್ವತಕ್ಕೆ ಫ್ರಾಗಿಗೆ ಒಂದು ವಯರ್ ಬೆಸೆದು, ಪಾಯಿಂಟ್ ಮೋಟಾರಿನ ಜೊತೆ ತಿರುಗುವ ಮೈಕ್ರೊಸ್ವಿಚ್ಚಿನಿಂದ ಕರೆಂಟು ಕೊಡಿ. ಮೊದಲು ಪಟ್ಟಿ ಎಳೆದು ನೋಡಿ, ವಯರಿಂಗ್ ಹೇಗೆ ಅಂತ ಚಿತ್ರ ಬಿಡಿಸಿ ಇಲ್ಲೇ ಹಾಕ್ತೇನೆ.